ಪಿಸಿನೋ ಪಿಎಸ್5-ನೋ: ನಮ್ಮ ಬಿಸ್ಲು, ಧೂಳು, ಕರೆಂಟ್ ಲೆಕ್ಕ ಹಾಕಿ ತಗೊಳ್ಳೋದು ಹೆಂಗ

ಸಿಂಧನೂರಿನಿಂದ ನಮ್ಮ ಕಾಕಾನ ಮಗ ಫೋನ್ ಹಚ್ಚಿದ್ದ. "ಅಣ್ಣಾ, ಎಪ್ಪತ್ತು ಸಾವಿರ ಕೂಡಿಸೀನಿ, ಗೇಮಿಂಗ್ ಪಿಸಿ ತಗೊಳ್ಲೋ ಪಿಎಸ್5 ತಗೊಳ್ಲೋ, ಒಂದ ಮಾತಿನಾಗ ಹೇಳ್ಬಿಡು" ಅಂದ. ಪಿಎಸ್5 ಅಂದ್ರ ಸೋನಿಯವರ ಪ್ಲೇಸ್ಟೇಷನ್ 5, ಟಿವಿಗೆ ಹಚ್ಚಿ ಆಡೋ ಗೇಮ್ ಡಬ್ಬಿ, ಇಂಥದ್ದಕ್ಕ ಕನ್ಸೋಲ್ ಅಂತಾರ. ನಾನು "ನಿಮ್ಮ ಮನ್ಯಾಗ ಟಿವಿ ಎಷ್ಟು ಅದಾವ, ಅರ್ಥಿಂಗ್ ಸರಿ ಐತೇನು" ಅಂತ ತಿರುಗಿ ಕೇಳಿದ್ದಕ್ಕ ಅವನಿಗೆ ಸಿಟ್ಟು ಬಂತು, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡ್ತಾವ ಅನ್ನೋ ಲೆಕ್ಕ) ಬಗ್ಗೆ ಕೇಳಿದ್ರ ನೀ ಅರ್ಥಿಂಗ್ ಬಗ್ಗೆ ಮಾತಾಡ್ತೀ ಅಂತ. ಆದ್ರ ಯೂಟ್ಯೂಬ್‌ನಾಗ ನೋಡೋ ಹುಡುಗ್ರು ಎಲ್ಲಾ ಎಸಿ ರೂಮಿನಾಗ ಕುಂತು ಮಾತಾಡ್ತಾರ, ಅವರಿಗೆ ಮಧ್ಯಾಹ್ನ ಮೂರು ಗಂಟಿಗೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡೋದು ಗೊತ್ತಿಲ್ಲ, ಫ್ಯಾನಿನ ರೆಕ್ಕಿಗೆ ಕೆಂಪು ಧೂಳು ಹತ್ತೋದೂ ಗೊತ್ತಿಲ್ಲ. ನಾ ಬಳ್ಳಾರಿಯವ, ಎರಡೂ ಇಟ್ಕೊಂಡು ಎರಡ್ರಾಗೂ ರೊಕ್ಕ ಕಳ್ಕೊಂಡಾವ. ಅದಕ್ಕ ಮೊದ್ಲು ಮನಿ ನೋಡ್ರಿ, ಆಮ್ಯಾಲೆ ಮಷಿನ್ ನೋಡ್ರಿ ಅಂತೀನಿ.

ಹೆಜ್ಜೆ 1: ಆಡೋ ಗೇಮಿನ ಹೆಸರು ಹಾಳಿ ಮ್ಯಾಲೆ ಬರೀರಿ

ಮುಂದಿನ ಒಂದು ವರ್ಷದಾಗ ಖರೇನ ಆಡೋ ಐದು ಗೇಮ್ ಬರೀರಿ. ಆಸಿ ಪಟ್ಟಿದ್ದು ಬ್ಯಾಡ, ಕುಂತು ಆಡೋವು ಬರೀರಿ ಸಾಕು. ಅರ್ಧ ನಿರ್ಧಾರ ಇಲ್ಲೇ ಆಗಿಬಿಡ್ತೈತಿ.

ಕೌಂಟರ್ ಸ್ಟ್ರೈಕ್ 2, ಡೋಟಾ 2 ಪಟ್ಟಿನಾಗ ಇದ್ರ ಮಾತು ಮುಗೀತು, ಇವು ಪಿಸಿ ಗೇಮು, ಪಿಎಸ್5 ಒಳಗ ಬರಂಗಿಲ್ಲ. ವ್ಯಾಲರಂಟ್ 2020ರಾಗ ಪಿಸಿಗೆ ಬಂತು, 2024ರಾಗ ಕನ್ಸೋಲ್‌ಗೂ ಬಂತು, ಆದ್ರ ಕನ್ಸೋಲ್‌ನವರು ಪಿಸಿಯವರ ಜೊತಿ ಆಡಾಕ ಬರಂಗಿಲ್ಲ. ನಿಮ್ಮ ಗೆಳೆಯರು ಪಿಸಿ ಮ್ಯಾಲೆ ಇದ್ರ ನೀವೊಬ್ರ ಬೇರೆ ಕಡೆ ಕುಂತಂಗ ಆಗ್ತೈತಿ. ಹಂಗ ಗೆಳೆಯರು ಎಲ್ಲಿ ಆಡ್ತಾರ ಅನ್ನೋದನ್ನೂ ಅದೇ ಹಾಳಿ ಮ್ಯಾಲೆ ಬರ್ಕೊಳ್ರಿ.

ಗಾಡ್ ಆಫ್ ವಾರ್, ಘೋಸ್ಟ್ ಆಫ್ ಸುಶಿಮಾ ತರದ ಕಥಿ ಇರೋ ಗೇಮ್ ಬೇಕಂದ್ರ ಪಿಎಸ್5 ಸೊಗಸು. ಪಿಸಿಗೂ ಬರ್ತಾವ, ಆದ್ರ ತಡ. ಗಾಡ್ ಆಫ್ ವಾರ್ 2018ರಾಗ ಪ್ಲೇಸ್ಟೇಷನ್‌ಗೆ ಬಂದಿದ್ದು ಪಿಸಿಗೆ ಬಂದಿದ್ದು 2022ರ ಜನವರಿನಾಗ, ಸುಶಿಮಾ 2020ರಿಂದ 2024ರ ತನಕ ಕಾಯಿಸ್ತು. ಜಿಟಿಎ 5-ನೂ ಹಂಗ, ಕನ್ಸೋಲ್‌ಗೆ 2013, ಪಿಸಿಗೆ 2015. ಜಿಟಿಎ 6 ಘೋಷಣೆ ಆಗಿರೋದೂ ಪಿಎಸ್5 ಮತ್ತ ಎಕ್ಸ್‌ಬಾಕ್ಸ್ ಸೀರೀಸ್‌ಗೆ. ಮೊದಲ ದಿನಾನ ಆಡ್ಬೇಕು ಅನ್ನೋ ಹುಚ್ಚು ಇದ್ರ ಕನ್ಸೋಲ್, ಎರಡರಿಂದ ನಾಲ್ಕು ವರ್ಷ ತಡ್ಕೊಳ್ಳೋ ತಾಕತ್ತು ಇದ್ರ ಪಿಸಿ.

ಇನ್ನ ಬಿಜಿಎಂಐ ಅಷ್ಟ ಆಡೋರು ಎರಡೂ ತಗೋಬ್ಯಾಡ್ರಿ. ಅದು ಫೋನಿನ ಗೇಮು, ಚಲೋ ಫೋನ್ ತಗೊಳ್ರಿ. ಮತ್ತ ಹಳೇ ಇಎ ಕ್ರಿಕೆಟ್ 07 ಬಿಟ್ಟು ಬ್ಯಾರೆ ಏನೂ ಆಡದ ನಮ್ಮ ಮಾವನಂಥವರೂ ಅದಾರ, ಅದಕ್ಕ ಮನ್ಯಾಗಿನ ಹಳೇ ಕಂಪ್ಯೂಟರ್ರ ಸಾಕು.

ಹೆಜ್ಜೆ 2: ಟಿವಿ ಯಾರದು

ಕಾಕಾನ ಮನ್ಯಾಗ ಒಂದ ಟಿವಿ. ಸಂಜಿ ಏಳರಿಂದ ಹತ್ತರ ತನಕ ರಿಮೋಟ್ ಚಿಗವ್ವನ ಕೈಯಾಗ ಇರ್ತೈತಿ, ಸೀರಿಯಲ್ ನಡುವ ಯಾರೂ ಮಾತಾಡಂಗಿಲ್ಲ. ಹುಡುಗ ಟ್ಯೂಷನ್ ಮುಗಿಸಿ ಬರೋದ ಏಳು ಗಂಟಿಗೆ. ಈಗ ಪಿಎಸ್5 ತಂದ್ರ ಯಾವಾಗ ಆಡ್ತಾನ? ಇದನ್ನ ಕೇಳಿದಾಗ ಫೋನಿನಾಗ ಸ್ವಲ್ಪ ಹೊತ್ತು ಸಪ್ಪಳ ಇರಲಿಲ್ಲ.

ಕನ್ಸೋಲ್ ಅಗ್ಗ ಅನ್ನೋರು ಟಿವಿ ರೊಕ್ಕ ಲೆಕ್ಕಕ್ಕ ಹಿಡಿಯಂಗಿಲ್ಲ. ನಿಮ್ಮ ರೂಮಿಗೆ ಬೇರೆ ಮಾನಿಟರ್ ತಗೊಳ್ಳೋದಾದ್ರ ಅದನ್ನೂ ಕೂಡಿಸ್ರಿ. ಹಂಗಂತ ಮನ್ಯಾಗ ದೊಡ್ಡ ಟಿವಿ ಖಾಲಿ ಐತಿ, ಅಣ್ಣ ತಮ್ಮ ಅಕ್ಕನ ಮಕ್ಕಳು ಎಲ್ಲಾ ಕೂಡಿ ಆಡ್ತಾರ ಅಂದ್ರ ಕನ್ಸೋಲ್‌ನಂಥದ್ದು ಇನ್ನೊಂದಿಲ್ಲ, ಹಬ್ಬಕ್ಕ ನೆಂಟರು ಬಂದಾಗ ಎರಡು ಕಂಟ್ರೋಲರ್ ಇದ್ರ ಹುಡುಗ್ರು ಹೊರಗ ಬಿಸ್ಲಿಗೆ ಹೋಗಂಗ ಇಲ್ಲ.

ಓದಾಕ, ಎಡಿಟಿಂಗ್‌ಗೆ, ಕೋಡಿಂಗ್‌ಗೆ ಮಷಿನ್ ಹ್ಯಾಂಗಿದ್ರೂ ಬೇಕು ಅಂದ್ರ ಪಿಸಿ ಕಡೆ ತಕ್ಕಡಿ ವಾಲ್ತೈತಿ. ಅಪ್ಪನ ಹತ್ರ ರೊಕ್ಕ ಕೇಳೋಕೂ ಅನುಕೂಲ. ಹಾಸ್ಟೆಲ್‌ನಾಗ ಇರೋ ಇಂಜಿನಿಯರಿಂಗ್ ಹುಡುಗ್ರು ಗೇಮಿಂಗ್ ಲ್ಯಾಪ್‌ಟಾಪ್ ನೋಡ್ರಿ, ಅಷ್ಟ ರೊಕ್ಕಕ್ಕ ಡೆಸ್ಕ್‌ಟಾಪ್‌ಗಿಂತ ಕಡಿಮಿ ಶಕ್ತಿ ಸಿಗ್ತೈತಿ, ಮೇ ತಿಂಗಳಾಗ ಕೀಬೋರ್ಡ್ ಮ್ಯಾಲೆ ರೊಟ್ಟಿ ಬೇಯಿಸ್ಬೋದು, ಆದ್ರ ಊರಿಗೆ ಹೊತ್ಕೊಂಡು ಬರಾಕ ಬರ್ತೈತಿ.

ಹೆಜ್ಜೆ 3: ಕರೆಂಟ್. ಇದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ

ಶಕ್ತಿನಗರದಾಗ 1,720 ಮೆಗಾವ್ಯಾಟ್ ಥರ್ಮಲ್, ಈ ಕಡೆ ಕುಡತಿನಿಯಾಗ 1,700 ಮೆಗಾವ್ಯಾಟ್, ಎರಡರ ನಡುವ ಕುಂತ ನಾವು ಟಾರ್ಚ್ ಹುಡುಕ್ತೀವಿ ಅಂತ ನಮ್ಮ ಓಣಿನಾಗ ಒಬ್ರು ನಗಾಡ್ತಿರ್ತಾರ. ಕರೆಂಟ್ ಹೋದ್ರ ಹೋಗ್ಲಿ, ಆಟ ನಿಲ್ತೈತಿ ಅಷ್ಟ. ಮಷಿನ್ ಸಾಯೋದು ಅದು ತಿರುಗಿ ಬರೋವಾಗ, ಆ ಎರಡು ಮೂರು ಸಲ ಬಂದು ಹೋಗಿ ಮಾಡ್ತೈತಲ್ಲ, ಆವಾಗ.

ನನ್ನ ಮೊದಲ ಪಿಸಿ ಹೋಗಿದ್ದು ಹಂಗ. ಕ್ಯಾಬಿನೆಟ್ ಜೊತಿ ಎಸ್‌ಎಂಪಿಎಸ್ (ಪಿಸಿಯ ಪಾರ್ಟುಗಳಿಗೆ ಕರೆಂಟ್ ಹಂಚೋ ಡಬ್ಬಿ) ಫ್ರೀ ಅಂದ್ರು, ಮ್ಯಾಲೆ 450 ವ್ಯಾಟ್ ಅಂತ ಸ್ಟಿಕ್ಕರ್ ಇತ್ತು, ಕೈಯಾಗ ಹಿಡಿದ್ರ ಖಾಲಿ ಡಬ್ಬಿಯಂಗ ಹಗುರ, ನನಗ ಖುಷಿನ ಆಗಿತ್ತು ಸಾವಿರದೈನೂರು ಉಳೀತು ಅಂತ. ಮೇ ತಿಂಗಳು, ಮಧ್ಯಾಹ್ನ, ಕರೆಂಟ್ ಮೂರು ಸಲ ಮಿಣಿಮಿಣಿ ಅಂತು, ನಾಲ್ಕನೇ ಸಲಕ್ಕ ಹಿಂದಿನಿಂದ ಪಟ್ ಅಂತ ಸಪ್ಪಳ, ಆಮ್ಯಾಲೆ ಸುಟ್ಟ ಮೀನಿನಂಥ ವಾಸನಿ. ಎಸ್‌ಎಂಪಿಎಸ್ ಹೋಗುವಾಗ ಮದರ್‌ಬೋರ್ಡನ್ನೂ ಕರ್ಕೊಂಡು ಹೋತು. ಅಂಗಡಿಯವ "ವೋಲ್ಟೇಜ್ ಪ್ರಾಬ್ಲಮ್ ಸರ್, ಇದಕ್ಕ ವಾರಂಟಿ ಬರಲ್ಲ" ಅಂದು ಚಾ ಕುಡಿಸಿ ಕಳಿಸಿದ.

ಅದಕ್ಕ ಮಷಿನ್ ತರೋ ಮೊದ್ಲು ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ ಪಾಯಿಂಟ್ ಚೆಕ್ ಮಾಡಿಸ್ರಿ. ಹಳೇ ಮನಿಗಳಾಗ ಮೂರು ಪಿನ್ ಸಾಕೆಟ್ ಇರ್ತೈತಿ, ಆದ್ರ ಮ್ಯಾಲಿನ ದೊಡ್ಡ ತೂತಿಗೆ ವೈರ್ ಇರಂಗಿಲ್ಲ. ಕ್ಯಾಬಿನೆಟ್ ಮುಟ್ಟಿದ್ರ ಕೈ ಜುಮ್ ಅಂದ್ರ ಅರ್ಥಿಂಗ್ ಇಲ್ಲ ಅಂತ ಅರ್ಥ. ಅಂಗಳದಾಗ ಇದ್ದಿಲು ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಇದ್ರ ಬ್ಯಾಸಿಗ್ಯಾಗ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕ್ರಿ, ಮಣ್ಣು ಒಣಗಿದ್ರ ಅದೂ ಕೆಲಸ ಮಾಡಂಗಿಲ್ಲ.

ಆಮ್ಯಾಲೆ ಯುಪಿಎಸ್, ಕರೆಂಟ್ ಹೋದಾಗ ಸ್ವಲ್ಪ ಹೊತ್ತು ಮಷಿನ್ ನಡೆಸೋ ಬ್ಯಾಟರಿ ಡಬ್ಬಿ. ಅಂಗಡಿನಾಗ ಸಾಮಾನ್ಯ ಸಿಗೋದು 600 ವಿಎ, ಅಂದ್ರ ಸುಮಾರು 360 ವ್ಯಾಟ್ ತಡೀತೈತಿ. ಪಿಎಸ್5 ಗೇಮ್ ಆಡುವಾಗ ಸುಮಾರು 200 ವ್ಯಾಟ್ ಎಳೀತೈತಿ, ಟಿವಿ ಸೇರಿದ್ರೂ ಅದಕ್ಕ ಇದು ಸಾಕು. ಪಿಸಿಗೆ ಇದು ಬಿಗಿ ಆಗ್ತೈತಿ, 1000 ವಿಎ ತಗೊಳ್ರಿ, ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂಥದ್ದ ಕೊಡೋದು) ಸಿಕ್ರ ಇನ್ನಾ ಚಲೋ. ಯಾಕಂದ್ರ ಈಗಿನ ಚಲೋ ಎಸ್‌ಎಂಪಿಎಸ್‌ಗಳು ಕೆಲವು ಅಗ್ಗದ ಯುಪಿಎಸ್ ಜೊತಿ ಹೊಂದ್ಕೊಳ್ಳಂಗಿಲ್ಲ, ಕರೆಂಟ್ ಹೋದ ಕೂಡ್ಲೆ ಯುಪಿಎಸ್ ಕೀಂ ಅಂತ ಕೂಗಿ ಪಿಸಿ ಜೊತಿ ತಾನೂ ಆಫ್ ಆಗ್ತೈತಿ. ಮನಿಗೆಲ್ಲಾ ಇನ್ವರ್ಟರ್ ಐತಿ ಅನ್ನೋರು ಅದರ ಹಿಂದ ಒಂದು ಸ್ವಿಚ್ ಇರ್ತೈತಿ ನೋಡ್ರಿ, ಯುಪಿಎಸ್ ಮೋಡ್‌ಗೆ ಇಡ್ರಿ, ಇಲ್ಲಾಂದ್ರ ಬದಲಾಗೋ ಆ ಕಣ್ಣು ಮಿಟುಕಿಸೋವಷ್ಟರಾಗ ಮಷಿನ್ ರೀಸ್ಟಾರ್ಟ್ ಆಗ್ತೈತಿ.

ಬಿಲ್ ಲೆಕ್ಕ: ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ (ಗೇಮಿನ ಚಿತ್ರ ಮೂಡಿಸೋ ಪಾರ್ಟ್) ಹಾಕಿದ ಪಿಸಿ ಮಾನಿಟರ್ ಸೇರಿ ಸುಮಾರು 280 ವ್ಯಾಟ್, ಪಿಎಸ್5 ಮತ್ತ ಟಿವಿ ಸೇರಿದ್ರೂ ಹತ್ರ ಹತ್ರ ಅಷ್ಟ. ದಿನಕ್ಕ 3 ಗಂಟಿ, ತಿಂಗಳಿಗೆ 25 ಯೂನಿಟ್. ಪಿಸಿ ಬಾಳ ಕರೆಂಟ್ ತಿಂತೈತಿ ಅನ್ನೋದು ದೊಡ್ಡ ಕಾರ್ಡ್ ಹಾಕಿದ್ರಷ್ಟ ಖರೆ. ಆದ್ರ ಗೃಹಜ್ಯೋತಿ ಇರೋರು ಈ 25 ಯೂನಿಟ್ ಸುಮ್ನ ಬಿಡಬ್ಯಾಡ್ರಿ, ನಿಮಗ ಕೊಟ್ಟ ಲಿಮಿಟ್ ದಾಟಿದ್ರ ಹೆಚ್ಚಿನದಕ್ಕ ರೊಕ್ಕ, 200 ದಾಟಿದ್ರ ಪೂರಾ ಬಿಲ್ ನಿಮ್ಮದ. ಬ್ಯಾಸಿಗ್ಯಾಗ ಕೂಲರ್ ಬ್ಯಾರೆ ಓಡ್ತಿರ್ತೈತಿ. ಝೀರೋ ಬಿಲ್ ಬರೋ ಮನಿಗೆ ಒಮ್ಮೆಲೆ ಬಿಲ್ ಬಂತಂದ್ರ ಗೇಮಿಂಗ್ ಅವತ್ತಿಗೆ ಬಂದ್.

ಹೆಜ್ಜೆ 4: ಬಿಸ್ಲು ಮತ್ತ ಧೂಳು

ಹೋದ ತಿಂಗಳು ಮಾಳಗಿ ಮ್ಯಾಲೆ ಕ್ಯಾಬಿನೆಟ್ ಒಯ್ದು ಬಿಚ್ಚಿದೆ. ಮುಂದಿನ ಜಾಳಿಗಿ ಮ್ಯಾಲೆ ಕೆಂಪು ಧೂಳು ಕಂಬಳಿ ಹೊದ್ದಂಗ ಕುಂತಿತ್ತು, ಬೆರಳಿನಿಂದ ಎಳೆದ್ರ ಪದರು ಪದರಾಗಿ ಎದ್ದು ಬಂತು, ಕುಂಕುಮ ಚೆಲ್ಲಿದಂಗ ಅಂಗೈ ಎಲ್ಲಾ ಕೆಂಪು. ಮನಿ ಸಂಡೂರು ಕಡೆ ರೋಡಿಗೆ ಹತ್ರ, ಅದಿರು ಲಾರಿ ಹೋಗ್ತಾವ, ಅದರದು. ರಾಯಚೂರು ಸಿಂಧನೂರು ಕಡೆ ಆದ್ರ ಕರಿ ಮಣ್ಣಿನ ಧೂಳು, ಹತ್ತಿ ನಾರು, ಸುಗ್ಗ್ಯಾಗ ಭತ್ತದ ಹೊಟ್ಟು. ಬಣ್ಣ ಬ್ಯಾರೆ, ಕೆಲಸ ಒಂದ: ಗಾಳಿ ಹೋಗೋ ದಾರಿ ಮುಚ್ಚೋದು. ಬ್ಲೋವರ್ ಹೊಡೆದು ಮತ್ತ ಹಚ್ಚಿದ ಮ್ಯಾಲೆ ಗ್ರಾಫಿಕ್ಸ್ ಕಾರ್ಡ್ 83 ಡಿಗ್ರಿಯಿಂದ 71ಕ್ಕ ಇಳೀತು. ಅವೇ ಗೇಮು, ಅದೇ ರೂಮು. ಒಂದು ಮಾತು ನೆನಪಿಡ್ರಿ, ಬ್ಲೋವರ್ ಹೊಡಿಯುವಾಗ ಫ್ಯಾನ್ ರೆಕ್ಕಿ ಬೆರಳಿನಿಂದ ಹಿಡ್ಕೊಳ್ರಿ, ಗಾಳಿಗೆ ಗರಗರ ತಿರುಗಿದ್ರ ಬೇರಿಂಗ್ ಹೋಗ್ತೈತಿ.

ಪಿಸಿಯ ದೊಡ್ಡ ಗುಣ ಇದ, ನಾಲ್ಕು ಸ್ಕ್ರೂ ಬಿಚ್ಚಿದ್ರ ಎಲ್ಲಾ ಕೈಗೆ ಸಿಗ್ತೈತಿ. ಪಿಎಸ್5 ಒಳಗ ಪ್ರೊಸೆಸರ್ ಮ್ಯಾಲೆ ಲಿಕ್ವಿಡ್ ಮೆಟಲ್ (ನೀರಿನಂಗ ಹರಿಯೋ ಲೋಹ) ಇರ್ತೈತಿ, ಮೊಬೈಲ್ ರಿಪೇರಿ ಅಂಗಡಿಯವ "ಕೊಡ್ರಿ ಸರ್ ನೋಡೋಣು" ಅಂತ ಪೂರಾ ಬಿಚ್ಚಿದ್ರ ಅದು ಹರಿದು ಬೋರ್ಡ್ ಶಾರ್ಟ್ ಆಗಬೋದು. ನೀವ ಮಾಡಬೋದಾದ್ದು ಬಿಳಿ ಪ್ಲೇಟ್ ತೆಗೆಯೋದು, ಫ್ಯಾನಿನ ಧೂಳು, ಆಮ್ಯಾಲೆ ಧೂಳು ಕೂಡಾಕಂತ ಕೊಟ್ಟಿರೋ ತೂತಿಗೆ ವ್ಯಾಕ್ಯೂಮ್ ಹಿಡಿಯೋದು. ಅಷ್ಟಕ್ಕ ನಿಲ್ಲಿಸ್ರಿ.

ಕನ್ಸೋಲ್ ಟಿವಿ ಸ್ಟ್ಯಾಂಡಿನ ಗೂಡಿನಾಗ ತುರುಕಬ್ಯಾಡ್ರಿ. ಧೂಳು ಬರ್ತೈತಿ ಅಂತ ಟವೆಲ್ ಹೊಚ್ಚಿ ಆಡೋರನ್ನೂ ನೋಡೀನಿ, ಯಪ್ಪಾ. ಕೂಲರ್ ಎದುರಿಗೂ ಎರಡನ್ನೂ ಇಡಬ್ಯಾಡ್ರಿ, ಆ ಹಸಿ ಗಾಳಿ ಧೂಳಿಗೆ ಸೇರಿ ಕೆಸರು ಆಗ್ತೈತಿ.

ಹೆಜ್ಜೆ 5: ಮೂರು ವರ್ಷದ ಲೆಕ್ಕ

ಡಬ್ಬಿ ಮ್ಯಾಲಿನ ಬೆಲಿ ನೋಡಿ ಹೋಲಿಸಿದ್ರ ಮೋಸ ಹೋಗ್ತೀರಿ. ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಾಗ ನಮ್ಮ ದೇಶಕ್ಕ ಬಂದಾಗ ಡಿಸ್ಕ್ ಇರೋದು 54,990, ಡಿಸ್ಕ್ ಇಲ್ಲದ ಡಿಜಿಟಲ್ 44,990 ಇತ್ತು. ಇವತ್ತಿನ ರೇಟ್ ನೀವ ನೋಡ್ಕೊಂಡು ಲೆಕ್ಕದಾಗ ಬದಲಿ ಹಾಕ್ಕೊಳ್ರಿ, ನಾ ಕೆಳಗ ಹಾಕಿದ್ದು ಅಂದಾಜು.

ಕನ್ಸೋಲ್ 55,000, ಇನ್ನೊಂದು ಕಂಟ್ರೋಲರ್ 6,000, ಸಣ್ಣ ಯುಪಿಎಸ್ 4,000, ಆನ್‌ಲೈನ್ ಆಡಾಕ ಪ್ಲೇಸ್ಟೇಷನ್ ಪ್ಲಸ್ ಮೂರು ವರ್ಷಕ್ಕ 12,000, ವರ್ಷಕ್ಕ ನಾಲ್ಕು ಗೇಮ್‌ನಂಗ ಹನ್ನೆರಡು ಗೇಮ್, ಒಂದಕ್ಕ ಸರಾಸರಿ 3,000 ಹಿಡಿದ್ರ 36,000. ಕೂಡಿದ್ರ 1,13,000. ಡಿಸ್ಕ್ ತಗೊಂಡು ಆಡಿ ಮಾರಿದ್ರ ಒಂದಕ್ಕ 1,200 ಬಂದ್ರೂ 14,400 ವಾಪಸ್, ಉಳಿದಿದ್ದು 98,600.

ಪಿಸಿ ಡಬ್ಬಿ 75,000, ಮಾನಿಟರ್ 11,000, ಕೀಬೋರ್ಡ್ ಮೌಸ್ ಹೆಡ್‌ಸೆಟ್ 4,000, ಯುಪಿಎಸ್ 6,000, ಹನ್ನೆರಡು ಗೇಮ್ ಸೇಲ್‌ನಾಗ ಸಾವಿರದಂಗ 12,000. ಕೂಡಿದ್ರ 1,08,000. ಆನ್‌ಲೈನ್ ಆಡಾಕ ಬಾಡಿಗಿ ಇಲ್ಲ.

ಎರಡೂ ಬಂದು ಒಂದು ಲಕ್ಷದ ಆಜುಬಾಜು ನಿಂತ್ವು ನೋಡ್ರಿ. ವ್ಯತ್ಯಾಸ ಏನಂದ್ರ ಪಿಸಿ ರೊಕ್ಕ ಮೊದಲ ದಿನಾನ ಕಕ್ಕಬೇಕು, ಕನ್ಸೋಲ್ ರೊಕ್ಕ ಸ್ವಲ್ಪ ಸ್ವಲ್ಪ ಎಳೀತೈತಿ. ಪಿಎಸ್5 ದೊಡ್ಡ ಗೇಮ್ ಹೊಸದಾಗಿ ಬಂದಾಗ ಐದು ಸಾವಿರದ ಆಜುಬಾಜು ಇರ್ತೈತಿ, ಅದನ್ನ ತಡೆಯೋ ಶಕ್ತಿ ಇಲ್ಲದವರಿಗೆ ನನ್ನ ಲೆಕ್ಕ ಹೊಂದಂಗಿಲ್ಲ. ಪಿಸಿನಾಗ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿ ರೂಪಾಯಿನಾಗ ಬೆಲಿ ತೋರಿಸ್ತೈತಿ, ಯುಪಿಐ ನಡೀತೈತಿ, ತಗೊಂಡು 14 ದಿನದ ಒಳಗ, ಎರಡು ಗಂಟಿಗಿಂತ ಕಡಿಮಿ ಆಡಿದ್ರ ರೊಕ್ಕ ವಾಪಸ್ ಕೊಡ್ತಾರ. ಎಪಿಕ್ ಅನ್ನೋ ಇನ್ನೊಂದು ಅಂಗಡಿಯವರು ವಾರ ವಾರ ಒಂದು ಗೇಮ್ ಫ್ರೀ ಕೊಡ್ತಾರ, ನನ್ನ ಹತ್ರ ನೂರಕ್ಕಿಂತ ಹೆಚ್ಚು ಅದಾವ, ಆಡಿದ್ದು ಒಂಬತ್ತು.

ಫೋರ್ಟ್‌ನೈಟ್ ತರದ ಫ್ರೀ ಗೇಮ್‌ಗೆ ಕನ್ಸೋಲ್‌ನಾಗೂ ಪ್ಲಸ್ ಬೇಕಾಗಿಲ್ಲ, ಅಷ್ಟ ಆಡೋರು ಆ 12,000 ತೆಗೆದುಬಿಡ್ರಿ.

ಹೆಜ್ಜೆ 6: ನೆಟ್

ಈಗಿನ ದೊಡ್ಡ ಗೇಮ್ 100 ಜಿಬಿ ಸಾಮಾನ್ಯ. ದಿನಕ್ಕ ಒಂದೂವರಿ ಜಿಬಿ ಮೊಬೈಲ್ ಪ್ಯಾಕಿನಾಗ ಇಳಿಸ್ತೀನಿ ಅಂದ್ರ 67 ದಿನ ಬೇಕು. ಊರಿಗೆ ಫೈಬರ್ ಬಂದಿಲ್ಲ ಅಂದ್ರ ಡಿಸ್ಕ್ ಇರೋ ಪಿಎಸ್5 ಒಂದ ದಾರಿ, ಅದ್ರಾಗೂ ಅಪ್‌ಡೇಟ್ ಇಳಿಸೋದು ಇರ್ತೈತಿ. ಡಿಸ್ಕ್ ಇಲ್ಲದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಗ್ಗ ಅಂತ ಹಳ್ಳಿಗೆ ತಗೊಂಡು ಹೋಗಿ ಕುಂದ್ರಬ್ಯಾಡ್ರಿ.

ಹೆಜ್ಜೆ 7: ಯಾವ ಮಾಡೆಲ್, ಯಾವ ಪಾರ್ಟ್

ಕನ್ಸೋಲ್ ಅಂದ್ರ ಡಿಸ್ಕ್ ಇರೋದ ತಗೊಳ್ರಿ, ಮಾರೋ ಕೊಡೋ ಅನುಕೂಲ ನಮ್ಮಂಥವರಿಗೆ ದೊಡ್ಡದು, ಪಿಎಸ್4ರ ಹಳೇ ಡಿಸ್ಕೂ ನಡೀತಾವ. ನಿಂಟೆಂಡೊ ಸ್ವಿಚ್ ಮಜಾ ಐತಿ, ಆದ್ರ ಕಂಪನಿ ಇಲ್ಲಿ ಅಧಿಕೃತವಾಗಿ ಮಾರಂಗಿಲ್ಲ, ಕೆಟ್ರ ಯಾರ ಬಾಗಿಲು ಬಡೀತೀರಿ.

ಪಿಸಿ ಅಂದ್ರ ರೈಜೆನ್ 5 5600 ತರದ ಆರು ಕೋರ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ದರ್ಜೆ ಕಾರ್ಡ್, 16 ಜಿಬಿ ರ್ಯಾಮ್ ಎರಡು ಕಡ್ಡಿಯಾಗಿ, 1 ಟಿಬಿ ಎನ್‌ವಿಎಂಇ (ಗೇಮ್ ಇಡೋ ವೇಗದ ಸ್ಟೋರೇಜ್), ಹೆಸರಿರೋ ಕಂಪನಿಯ 550 ವ್ಯಾಟ್ 80 ಪ್ಲಸ್ ಬ್ರಾಂಝ್ (ಕರೆಂಟ್ ಪೋಲು ಕಡಿಮಿ ಅನ್ನೋ ಗುರುತು) ಎಸ್‌ಎಂಪಿಎಸ್. ಈ ಕೊನೇದ್ರಾಗ ಮಾತ್ರ ಉಳಿಸಬ್ಯಾಡ್ರಿ. ಬಣ್ಣದ ಲೈಟಿನಾಗ ಉಳಿಸ್ರಿ, ಬೇಕಂದ್ರ ಕ್ಯಾಬಿನೆಟ್ ಗ್ಲಾಸಿನಾಗ ಉಳಿಸ್ರಿ. ಮುಂದ ಜಾಳಿಗಿ ಇರಬೇಕು, ತೆಗೆದು ತೊಳೆಯೋ ಫಿಲ್ಟರ್ ಇರಬೇಕು. 2025ರ ಕೊನಿಯಿಂದ ಎಐ ಡೇಟಾ ಸೆಂಟರ್‌ನವರು ಮೆಮೊರಿ ಬಳಿದುಕೊಂಡು ಹೋಗಾಕ ಹತ್ಯಾರ, ರ್ಯಾಮ್ ರೇಟ್ ತಲಿ ತಿರುಗೋ ಹಂಗ ಏರೇತಿ, ಅದಕ್ಕ ಹಳೇ ವಿಡಿಯೋದಾಗಿನ ಬಜೆಟ್ ನಂಬ್ಕೊಂಡು ಅಂಗಡಿಗೆ ಹೋಗಬ್ಯಾಡ್ರಿ.

ಹೆಜ್ಜೆ 8: ಎಲ್ಲಿ ತಗೊಳ್ಳೋದು, ಎಲ್ಲಿ ಬೀಳೋದು

ರಾಯಚೂರಿನವರು ಸಿಕಂದರಾಬಾದ್ ಪಾರ್ಕ್‌ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗ್ತಾರ, ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಎಸ್‌ಪಿ ರೋಡಿಗೆ ಹೋಗ್ತಾರ. ಪಾರ್ಟಿನ ಮ್ಯಾಲೆ ಮೂರ್ನಾಲ್ಕು ಸಾವಿರ ಉಳಿದ್ರೂ ಕೆಟ್ಟಾಗ ಮತ್ತ ಅಷ್ಟ ದೂರ ಹೊತ್ಕೊಂಡು ಹೋಗಬೇಕು. ನಾ ಮಾಡೋದು ಏನಂದ್ರ ಕಾರ್ಡ್ ಪ್ರೊಸೆಸರ್ ಹೊರಗಿಂದ, ಎಸ್‌ಎಂಪಿಎಸ್ ಯುಪಿಎಸ್ ಮಾನಿಟರ್ ಊರಾಗಿನ ಅಂಗಡಿಯಿಂದ, ಯಾಕಂದ್ರ ಬಾಳ ಕೆಡೋವು ಇವ.

ಇಪ್ಪತ್ತೈದು ಸಾವಿರಕ್ಕ "ಐ7 ಗೇಮಿಂಗ್ ಪಿಸಿ" ಅಂತ ಲೈಟ್ ಹಚ್ಚಿ ಇಟ್ಟಿರ್ತಾರಲ್ಲ, ಯಾವ ಜನರೇಷನ್ ಅಂತ ಕೇಳ್ರಿ. ಬಾಳ ಸಲ ಅದು 2011ರ ಐ7 2600 ಇರ್ತೈತಿ, ಜೊತಿಗೆ ಜಿಟಿ 730 ಕಾರ್ಡ್, 4 ಜಿಬಿ ಅಂತ ದೊಡ್ಡ ಅಕ್ಷರದಾಗ. ವಿಂಡೋಸ್ 10ಕ್ಕ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗೀತು, ಆ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿನಾಗ ಇಲ್ಲ. ಅದನ್ನ ತಂದವ ಒಂದ ವಾರಕ್ಕ ನನಗ ಫೋನ್ ಹಚ್ತಾನ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಮಾರೋವ "ಮೈನಿಂಗ್ ಕಾರ್ಡ್ ಅಲ್ಲ" ಅಂತ ತಾನಾಗೇ ಹೇಳಿದ್ರ ಅನುಮಾನ ಪಡ್ರಿ. ಬಳ್ಳಾರಿಯವರಿಗೆ ಮೈನಿಂಗ್ ಅಂದ್ರ ಬ್ಯಾರೆ ನೆನಪಾಗ್ತೈತಿ, ಇದು ಕ್ರಿಪ್ಟೋದ್ದು, ಕಾರ್ಡ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸೋದು, 2022ರ ಸೆಪ್ಟೆಂಬರ್‌ನಾಗ ಎಥೀರಿಯಂ ಆ ಪದ್ಧತಿ ಬಿಟ್ಟ ಮ್ಯಾಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರ್ಕೆಟ್ಟಿಗೆ ಬಿದ್ವು. ಅರ್ಧ ಗಂಟೆ ಗೇಮ್ ಓಡಿಸಿ ತೋರಿಸು ಅನ್ರಿ, ಸೀರಿಯಲ್ ನಂಬರ್ ಬಿಲ್ಲಿಗೆ ತಾಳೆ ಹಾಕ್ರಿ. ಹಳೇ ಕನ್ಸೋಲ್ ಆದ್ರ ಡಿಸ್ಕ್ ನುಂಗಿ ಉಗುಳ್ತೈತೇನು, ಕಂಟ್ರೋಲರ್ ಕಡ್ಡಿ ಬಿಟ್ರೂ ಆಟದಾಗಿನ ಮನುಷ್ಯ ತಾನಾಗೇ ನಡೀತಾನೇನು, ಎಚ್‌ಡಿಎಂಐ ಪಿನ್ ಬಗ್ಗಿದಾವೇನು ನೋಡ್ರಿ, ಮಾರೋವನ ಅಕೌಂಟ್ ಅವನ ಕೈಯಾಗ ತೆಗೆಸ್ರಿ. ಜೈಲ್‌ಬ್ರೇಕ್ ಮಾಡಿದ (ಕಂಪನಿ ಹಾಕಿದ ಬೀಗ ಮುರಿದ) ಪಿಎಸ್4 ಐವತ್ತು ಗೇಮ್ ತುಂಬಿ ಕೊಡ್ತಾರ, ಆನ್‌ಲೈನ್ ಆಡಾಕ ಹೋದ್ರ ಬ್ಯಾನ್, ಮಕ್ಕಳ ಕೈಗೆ ಬ್ಯಾಡ.

ಹೆಜ್ಜೆ 9: ತಂದ ಮೊದಲ ವಾರ

ಡಬ್ಬಿ ಬಿಚ್ಚೋವಾಗ ಫೋನಿನಾಗ ವಿಡಿಯೋ ಮಾಡ್ರಿ. ಬಿಲ್ಲಿನ ಫೋಟೋ ತೆಗೆದು ಇಡ್ರಿ, ಆ ಥರ್ಮಲ್ ಹಾಳಿ ಮ್ಯಾಲಿನ ಅಕ್ಷರ ನಮ್ಮ ಬಿಸ್ಲಿಗೆ ಆರು ತಿಂಗಳಿಗೆ ಅಳಿಸಿ ಬೆಳ್ಳಗಾಗ್ತೈತಿ. ಆಟ ಆಡುವಾಗ ಮೇನ್ ಸ್ವಿಚ್ ಒಮ್ಮೆ ಬೇಕಂತನ ಇಳಿಸಿ ಯುಪಿಎಸ್ ಎಷ್ಟು ನಿಮಿಷ ಹಿಡೀತೈತಿ ನೋಡ್ರಿ, ಸೇವ್ ಮಾಡಿ ಆಫ್ ಮಾಡೋವಷ್ಟು ಐದು ನಿಮಿಷ ಸಿಕ್ರ ಸಾಕು. ಕೆಟ್ಟ ಪಾರ್ಟ್ ಇದ್ರ ಬಾಳಷ್ಟು ಸಲ ಮೊದಲ ವಾರದಾಗ ಗೊತ್ತಾಗ್ತೈತಿ, ಅದಕ್ಕ ಮೊದಲ ವಾರ ಚೆಂದಂಗ ದುಡಿಸ್ರಿ.

ಕಾಕಾನ ಮಗ ಕಡೀಕ ಪಿಸಿ ತಗೊಂಡ. ಗೆಳೆಯರೆಲ್ಲಾ ವ್ಯಾಲರಂಟ್, ಟಿವಿ ಚಿಗವ್ವಂದು, ಮುಂದಿನ ವರ್ಷ ಇಂಜಿನಿಯರಿಂಗ್. ಎಪ್ಪತ್ತು ಸಾವಿರಕ್ಕ ಕಾರ್ಡ್ ಹೊಂದಲಿಲ್ಲ ಅಂತ ಮೂರು ತಿಂಗಳು ತಡೆದ, ಆ ಮೂರು ತಿಂಗಳಾಗ ಅರ್ಥಿಂಗ್ ಗುಂಡಿ ತೋಡಿಸಿದ. ಈಗ ದಿನಾ ಬೆಳಿಗ್ಗೆ ಚಿಗವ್ವ ತುಳಸಿಗೆ ನೀರು ಹಾಕಿ ಉಳಿದಿದ್ದನ್ನ ಆ ಗುಂಡಿಗೆ ಹಾಕ್ತಾಳಂತ.